ಸರ್ಕಾರದ ಹುಳ

ನಮ್ಮ ತೋಟದ ಮರದಲ್ಲಿ ಕಟ್ಟಿದ್ದ ಕಡಜದ ಗೂಡು ಸರ್ಕಾರದ್ದು ಎಂದು ಊರಿನವರು ನಂಬಿದ್ದರು. ನಂಬುವುದಕ್ಕೆ ಅವರಿಗೆ ಕಾರಣವೂ ಇತ್ತು. ಅದನ್ನು ಮೊದಲು ಹೇಳದಿದ್ದರೆ, ಅಣ್ಣ ಅವತ್ತು ಆ ಗೂಡಿನ ಪಕ್ಕದ ಮರವನ್ನು ಯಾಕೆ ಅಷ್ಟು ನಿಶ್ಚಿಂತೆಯಿಂದ ಹತ್ತಿದ ಎನ್ನುವುದು ಅರ್ಥವಾಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನು ತಿಪಟೂರಿನಲ್ಲಿ ಬಿಎಸ್ಸಿ ಮುಗಿಸಿ ಮನೆಗೆ ಬಂದಿದ್ದೆ. ನಮ್ಮ ಊರು ಶೆಟ್ಟಿಕೆರೆಯ ಕಡೆ. ಬಸ್ಸಿಳಿದು ತೋಟಗಳ ನಡುವಿನ ದಾರಿಯಲ್ಲಿ ನಡೆದರೆ ಮನೆ. ಆ ಬೇಸಿಗೆಯಲ್ಲಿ ಆ ದಾರಿಯ ಎರಡೂ ಕಡೆ ತೆಂಗಿನ ಗರಿಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ನೀರಿಲ್ಲದೆ ಒಣಗಿದ್ದಲ್ಲ. ಕಪ್ಪು ತಲೆಯ ಸಣ್ಣ ಹುಳವೊಂದು ಗರಿಯ ಅಡಿಗೆ ಕೂತು ಹಸಿರನ್ನು ಕೆರೆದು ತಿನ್ನುತ್ತಿತ್ತು. ತನ್ನ ಹಿಕ್ಕೆಯನ್ನೇ ನೂಲಿಗೆ ಸೇರಿಸಿ ನೇಯ್ದು, ಅದರಿಂದ ಕೊಳವೆ ಮಾಡಿಕೊಂಡು, ಆ ಕೊಳವೆಯೊಳಗೆ ಓಡಾಡಿಕೊಂಡಿರುತ್ತಿತ್ತು. ದೂರದಿಂದ ನೋಡಿದರೆ ಯಾರೋ ದೊಡ್ಡ ಪಂಜು ಹಿಡಿದು ತೋಟದ ನೆತ್ತಿಗೆಲ್ಲ ಬೆಂಕಿ ಸೋಕಿಸಿ ಹೋದಂತೆ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಹಾಲಿನ ಡೈರಿ ಮುಂದೆ ಜೀಪು ನಿಂತಿತು. ಇಲಾಖೆಯ ಅಧಿಕಾರಿಯೊಬ್ಬರು ರಟ್ಟಿನ ಪೆಟ್ಟಿಗೆಯಿಂದ ಸಣ್ಣ ಸಣ್ಣ ಗಾಜಿನ ಕೊಳವೆಗಳನ್ನು ತೆಗೆದು ತೋರಿಸಿದರು. ಬಾಯಿಗೆ ಹತ್ತಿ ತುರುಕಿತ್ತು. ಒಳಗೆ ಕರಿ ಇರುವೆಯಂಥ, ಇರುವೆಗಿಂತ ಚಿಕ್ಕ ಹುಳಗಳು ಹರಿದಾಡುತ್ತಿದ್ದವು.

"ಇದು ಕಣಜ. ನಿಮ್ಮ ತೆಂಗಿನ ಹುಳದ ಮೈಮೇಲೆ ಮೊಟ್ಟೆ ಇಡುತ್ತೆ. ಮರಿ ಹೊರಗೆ ಬಂದು ಆ ಹುಳಾನೇ ತಿಂದು ಮುಗಿಸುತ್ತೆ. ಇದನ್ನ ಬಿಟ್ಟ ಮೇಲೆ ಯಾರೂ ಔಷಧಿ ಹೊಡೀಬೇಡಿ, ಇದೂ ಸತ್ತುಹೋಗುತ್ತೆ," ಎಂದರು ಅಧಿಕಾರಿ.

ಪಕ್ಕದ ತೋಟದ ದೊಡ್ಡಪ್ಪ ಮುಂದೆ ಬಂದು ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಅವನು ನಮ್ಮ ತಂದೆಗೆ ದೂರದ ಅಣ್ಣನಾಗಬೇಕು. ಅಪ್ಪ ಹೋದ ಮೇಲೆ ನಮ್ಮ ಮನೆಯ ಜಗಲಿಯೇ ಅವನ ಕಚೇರಿ.

"ಕಣಜ ಅಂದ್ರೆ ರಾಗಿ ತುಂಬೋದಲ್ವೇ ಸ್ವಾಮಿ? ಹುಳಕ್ಕೂ ಅದೇ ಹೆಸ್ರಾ?"

"ಎರಡಕ್ಕೂ ಅದೇ ಮಾತು," ಎಂದರು ಅಧಿಕಾರಿ ನಗುತ್ತ.

ಜೀಪು ಹೋದ ಮೇಲೆ ದೊಡ್ಡಪ್ಪ ಅಣ್ಣನ ಕಡೆ ತಿರುಗಿ ತೀರ್ಪು ಕೊಟ್ಟ. "ಪಾಪ, ಪ್ಯಾಟೆ ನಾಲ್ಗೆ. ಕಡಜ ಅನ್ನಾಕೋಗಿ ಕಣಜ ಅಂದ್ಬುಟ್ರು. ಕಡಜದ ಮರಿ ಕಣ್ಲಾ ಇವು. ದೊಡ್ಡವಾದ್ಮ್ಯಾಲೆ ನೋಡು."

ನಮ್ಮ ಕಡೆ ಕಡಜ ಎಂದರೆ ಬೇರೆ. ಕರಿ ಮೈ, ಹೊಟ್ಟೆಗೆ ಹಳದಿ ಪಟ್ಟಿ, ಹೆಬ್ಬೆರಳ ಗಾತ್ರ, ಕಚ್ಚಿದರೆ ಎತ್ತಿಗೂ ಜ್ವರ ಬರುತ್ತದೆ. ಕಣಜ ಎಂದರೆ ರಾಗಿ ತುಂಬುವ ಜಾಗ. ಮಾತು ಹೀಗೆ ಒಂದು ಅಕ್ಷರದಷ್ಟು ಜಾರಿತು, ಊರೆಲ್ಲ ಅದರ ಹಿಂದೆ ಜಾರಿತು.

ನಮ್ಮ ಪಾಲಿನ ಕೊಳವೆಯನ್ನು ಅಂಗಳದಾಚೆಯ ಪಂಪ್‌ಹೌಸ್ ಪಕ್ಕದ ಮರಕ್ಕೆ ಬಿಟ್ಟವಳು ನಾನೇ. ಹತ್ತಿ ತೆಗೆದು ಕೊಳವೆಯ ಬಾಯನ್ನು ಬೊಡ್ಡೆಗೆ ತಾಗಿಸಿದೆ. ಒಂದೊಂದಾಗಿ ಹೊರಬಂದು, ಮೀಸೆಯಾಡಿಸಿ, ಬೆಳಕು ಬರುತ್ತಿದ್ದ ಕಡೆಗೆ ಹತ್ತತೊಡಗಿದವು. ಕಣ್ಣಿಗೆ ಕಾಣುವವರೆಗೆ ನೋಡಿದೆ. ಅಷ್ಟೆತ್ತರದ ಮರಕ್ಕೆ ಅಷ್ಟು ಸಣ್ಣ ಜೀವ ಹೊರಟಿದ್ದು ನೋಡಿ ನಗುವೂ ಬಂತು, ಒಂಥರಾ ಸಂಕಟವೂ ಆಯಿತು. ಇವುಗಳ ತಾಯಿ ಮೊಟ್ಟೆ ಇಟ್ಟು ಹಾರಿಹೋಗುವುದಿಲ್ಲ, ಮರಿಗಳು ಉಂಡು ಮುಗಿಸುವವರೆಗೆ ಪಕ್ಕದಲ್ಲೇ ಕಾವಲು ಕೂರುತ್ತದೆ ಎಂದು ಅಧಿಕಾರಿ ಹೇಳಿದ್ದರು. ಮೇಲೆ ಗರಿಯ ಅಡಿಯ ಆ ಕತ್ತಲ ಕೊಳವೆಗಳಲ್ಲಿ, ಮರಗಟ್ಟಿದ ಹುಳದ ಪಕ್ಕ, ಒಂದು ತಾಯಿ ತನ್ನ ಮಕ್ಕಳ ಊಟವನ್ನು ಕಾಯುತ್ತ ಕೂತಿರುತ್ತದೆ ಎನ್ನುವ ಯೋಚನೆ ನನ್ನನ್ನು ಎಷ್ಟೋ ದಿನ ಬಿಡಲಿಲ್ಲ.

ಮಳೆ ಬಿದ್ದ ಮೇಲೆ ಸುಳಿಯಿಂದ ಹೊಸ ಗರಿಗಳು ಬಂದವು. ಹಸಿರಾಗಿಯೇ ಉಳಿದವು. ಅದೇ ಹೊತ್ತಿಗೆ ಪಂಪ್‌ಹೌಸಿನ ಅದೇ ಮರದ ತಲೆಯಲ್ಲಿ, ಎರಡು ಗರಿಗಳ ಸಂದಿಯಲ್ಲಿ, ನಿಂಬೆಹಣ್ಣಿನಷ್ಟು ದೊಡ್ಡ ಬೂದು ಉಂಡೆಯೊಂದು ಕಾಣಿಸಿತು. ವಾರ ಕಳೆದ ಹಾಗೆ ಚೆಂಬಾಯಿತು, ಆಮೇಲೆ ಕೊಡವಾಯಿತು. ದಸರೆ ಹೊತ್ತಿಗೆ ಗುಡಾಣದಷ್ಟಾಗಿ, ಮೈತುಂಬ ಕಂದು ಬಿಳಿ ಅಲೆಗಳ ಗೆರೆ ಮೂಡಿ, ಯಾರೋ ಕಾಗದ ನೆನೆಸಿ ತಟ್ಟಿ ಮಾಡಿಟ್ಟಂತಿತ್ತು.

ದೊಡ್ಡಪ್ಪನ ಸಂಭ್ರಮ ಹೇಳತೀರದು. ಕಂದಿಕೆರೆಯಿಂದ ನೆಂಟರು ಬಂದರೆ ಅವರಿಗೆ ಕಾಫಿ ಕೊಡುವ ಮೊದಲು ಆ ಮರದ ಬುಡಕ್ಕೆ ಕರೆದುಕೊಂಡು ಬರುತ್ತಿದ್ದ.

"ಒಂದು ಬುಡ್ಡಿ ಬುಟ್ಟಿದ್ವಿ ಕಣ್ರೀ. ನೋಡಿ, ಹೆಂಗೆ ಸಂಸಾರ ಬೆಳೆಸವ್ರೆ. ಗೌರ್ಮೆಂಟ್ ಹುಳ!"

"ದೊಡ್ಡಪ್ಪ, ಅದು ಬೇರೆ ಜಾತಿ. ನಾನು ಬಿಟ್ಟಿದ್ದು ಇರುವೆಯಷ್ಟು ಇತ್ತು. ಅದು ಇಷ್ಟು ದೊಡ್ಡದಾಗೋದೇ ಇಲ್ಲ. ಇದು ನಮ್ಮ ಕಡಜವೇ," ಎಂದೆ.

"ನೀನು ಹುಟ್ಟಿದಾಗ ಎಷ್ಟಿದ್ದೆ ಗೊತ್ತೇನವ್ವ? ನನ್ ಮೊಳಕೈಯಷ್ಟಿದ್ದೆ. ಈಗ ನೋಡು, ಬಾಗ್ಲಾಗೆ ತಲೆ ತಗುಲ್ಸಿಕೊಂಡು ಬತ್ತೀಯ!"

ನೆಂಟರು ನಕ್ಕರು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಅಣ್ಣನಿಗೆ ನನ್ನ ಓದಿನ ಬಗ್ಗೆ ಹೆಮ್ಮೆ ಇತ್ತು, ಅದನ್ನು ಅವನು ಗೇಲಿ ಮಾಡಿಯೇ ತೋರಿಸುತ್ತಿದ್ದ. "ಬುಡೇ, ಬಿಎಸ್ಸಿ ಮೇಡಂ. ಹುಳ ಯಾವ್ದಾದ್ರೇನು, ಹುಳ ತಿಂದ್ರೆ ಸಾಕು. ಇರ್ಲಿ."

ನಿಜ ಹೇಳಬೇಕೆಂದರೆ ಅದು ತಿನ್ನುತ್ತಿತ್ತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ತೋಟದಲ್ಲಿ ಕಂಬಳಿ ಹಾಸಿಕೊಂಡು ಮಲಗಿ ಮೇಲೆ ನೋಡುತ್ತಿದ್ದೆ. ಗರಿಗಳ ನಡುವಿನ ಬೆಳಕು ಮುಖದ ಮೇಲೆ ಅಲ್ಲಾಡುತ್ತಿತ್ತು. ಕಡಜವೊಂದು ಗರಿಯಿಂದ ಹುಳವನ್ನು ಎಳೆದು, ತಲೆಯನ್ನು ಕತ್ತರಿಸಿ ಕೆಳಗೆ ಬಿಟ್ಟು, ಉಳಿದದ್ದನ್ನು ಮುದ್ದೆ ಕಟ್ಟಿ ಗೂಡಿಗೆ ಹೊತ್ತೊಯ್ಯುತ್ತಿತ್ತು. ಹಾಗೆ ಉದುರಿದ ತಲೆಗೆ ಇರುವೆ ಸಾಲು ಬರುತ್ತಿತ್ತು. ಇರುವೆಗೆ ಬೊಡ್ಡೆಯ ಮೇಲೆ ಓತಿಕ್ಯಾತ ಕಾದಿರುತ್ತಿತ್ತು. ಕರೆಂಟಿನ ತಂತಿಯ ಮೇಲೆ ಕಾಜಾಣ. ಬೇಲಿಯ ಲಂಟಾನದಲ್ಲಿ ಜೇಡಗಳು, ತುಂಬೆಯ ಹೂವಿನಲ್ಲಿ ಜೇನು, ಜೇನಿಗೆ ಮತ್ತೆ ಕಡಜ. ಪೂರ್ವದ ಕಡೆಯ ತೋಟದವರು ಆ ವರ್ಷ ಬೇಲಿ ಕಿತ್ತು ನೆಲವನ್ನೆಲ್ಲ ಅಂಗೈಯಂತೆ ಹಸನು ಮಾಡಿ ತಂತಿಬೇಲಿಗೆ ಕಂಬ ನೆಟ್ಟಿದ್ದರು. ಅವರ ಮರಗಳಲ್ಲಿ ಹುಳ ಆಗಲೇ ಮತ್ತೆ ಕಾಣಿಸಿಕೊಂಡಿತ್ತು. ನಮ್ಮ ತೋಟದಲ್ಲಿ ಮಾತ್ರ ಎಲ್ಲ ಕಡೆಯೂ ಯಾರೋ ಯಾರನ್ನೋ ತಿನ್ನುವ ಸಣ್ಣ ಸಪ್ಪಳ. ಅರೆನಿದ್ದೆಯಲ್ಲಿ ಅದು ಜೋಗುಳದ ಹಾಗೆ ಕೇಳುತ್ತಿತ್ತು. ಅಷ್ಟೊಂದು ಬಾಯಿಗಳ ನಡುವೆ ಮಲಗಿದ್ದೇನೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಅವ್ವನಿಗೆ ಜ್ವರ ಬಂದು ಬಾಯಿ ಕೆಟ್ಟಿತ್ತು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತವಳು ಎಳನೀರು ಬೇಕೆಂದಳು. ಆ ಕಂಬಳಿ ಹುಳಿಯಾರಿನ ಕಡೆಯ ಕುರಿ ಸಾಕುವ ಹಟ್ಟಿಯವರಿಂದ ತಂದದ್ದು, ಕರಿದು, ಒರಟು, ಮಳೆಯನ್ನೂ ಒಳಗೆ ಬಿಡದಂಥದು. ಪಂಪ್‌ಹೌಸ್ ಮರದ ಪಕ್ಕದ ಮರದ ಎಳನೀರು ಸಿಹಿ ಎಂದು ಅಣ್ಣ ಅದನ್ನೇ ಹತ್ತಿದ. ಎರಡೂ ಮರಗಳ ಗರಿಗಳು ಬೆರಳಿಗೆ ಬೆರಳು ಹೆಣೆದಂತೆ ಸೇರಿಕೊಂಡಿದ್ದವು. ಅಲ್ಲಿಗೆ ಅವನು ಅದೇ ಮೊದಲ ಸಲ ಹತ್ತಿದ್ದಲ್ಲ. ಮುಂಚೆ ಎರಡು ಸಲ ಹತ್ತಿ ಕಾಯಿ ಇಳಿಸಿದಾಗಲೂ ಕಡಜಗಳು ತಮ್ಮ ಪಾಡಿಗೆ ತಾವಿದ್ದವು.

"ಹುಷಾರು ಕಣ್ಲಾ," ಎಂದಳು ಅವ್ವ.

"ನಾನು ಅವ್ರ ತಂಟೆಗೆ ಹೋಗಲ್ಲ, ಅವ್ರು ನನ್ ತಂಟೆಗೆ ಬರಲ್ಲ," ಎಂದು ಅಣ್ಣ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು, ಮಚ್ಚನ್ನು ಸೊಂಟದ ಹಿಂದೆ ಸಿಕ್ಕಿಸಿಕೊಂಡ.

ಅಣ್ಣ ಮೇಲೆ ತಲುಪಿ ಗರಿಯ ಬುಡ ಹಿಡಿದು ಕೂತಿದ್ದ. ಆಗ ಅಂಗಳದ ಮೇಲೆ ಒಂದು ನೆರಳು ಜಾರಿತು. ನಾನು ತಲೆಯೆತ್ತಿದೆ. ಕಂದು ಬಣ್ಣದ ದೊಡ್ಡ ಹಕ್ಕಿ. ಗಿಡುಗನ ರೆಕ್ಕೆ, ಆದರೆ ಕತ್ತು ಉದ್ದ, ತಲೆ ಪಾರಿವಾಳದಷ್ಟೇ. ಅದು ಗೂಡಿದ್ದ ಮರದ ಗರಿಯ ಮೇಲೆ ಇಳಿದು, ಗರಿ ಬಾಗಿ ತೂಗಿ ನಿಲ್ಲುವವರೆಗೆ ಕಾದು, ಗೂಡಿಗೆ ಕಾಲು ಹಾಕಿತು.

ಇದು ನಡೆದದ್ದು ಬಹಳ ಬೇಗ ಇರಬೇಕು. ನನ್ನ ನೆನಪಿನಲ್ಲಿ ಮಾತ್ರ ಅದು ನೀರೊಳಗೆ ನಡೆದಷ್ಟು ನಿಧಾನ. ಹಕ್ಕಿ ರೊಟ್ಟಿ ಮುರಿಯುವಂತೆ ಗೂಡಿನ ಒಂದು ಮಗ್ಗುಲನ್ನು ಮುರಿಯಿತು. ಕಾಗದದ ಚೂರುಗಳು ಬೂದಿಯಂತೆ ತೇಲುತ್ತ ಕೆಳಗೆ ಬಂದವು. ಅದು ಎರಿಯನ್ನು ಉಗುರಲ್ಲಿ ಹಿಡಿದು ಒಳಗಿನ ಮರಿಗಳನ್ನು ಒಂದೊಂದಾಗಿ ಹೆಕ್ಕುತ್ತಿತ್ತು. ಸುತ್ತಲೂ ಕಡಜಗಳು ಕಪ್ಪು ಹೊಗೆಯಂತೆ ಎದ್ದಿದ್ದವು. ಹಕ್ಕಿಗೆ ಅವುಗಳ ಗೊಡವೆಯೇ ಇಲ್ಲ. ಕಡಜದ ಮುಳ್ಳು ಇಳಿಯದಷ್ಟು ಒತ್ತಾದ ಪುಕ್ಕಗಳ ಮುಖವನ್ನು ಸ್ವಲ್ಪ ತಗ್ಗಿಸಿಕೊಂಡು, ಊಟದ ಪಂಕ್ತಿಯಲ್ಲಿ ಕೂತವರಂತೆ ಉಣ್ಣುತ್ತಿತ್ತು.

ಹೊಗೆ ಪಕ್ಕಕ್ಕೆ ಬಾಗಿತು. ಅಣ್ಣ ಇದ್ದ ಕಡೆಗೆ.

ಅವನ ಒಂದು ಕೈ ಮುಖಕ್ಕೆ ಹೋಯಿತು. ಸೊಂಟದಿಂದ ತೆಗೆದಿದ್ದ ಮಚ್ಚು ಬಿತ್ತು, ನೆಲಕ್ಕೆ ನಾಟಿ ನಿಂತಿತು. ಆಮೇಲೆ ಅವನ ಕೂಗು ಕೇಳಿತು.

"ಇಳಿಯೋ! ಬೇಗ ಇಳಿಯೋ ಅಣ್ಣ!" ನಾನು ಕಿರುಚಿದೆ.

ದೊಡ್ಡಪ್ಪ ಬೇಲಿ ಹಾರಿ ಓಡಿ ಬರುತ್ತ ಅಲ್ಲಿಂದಲೇ ಕೂಗಿದ. "ಅಲ್ಲಾಡ್ಬ್ಯಾಡ ಕಣ್ಲಾ! ಮರ ತಬ್ಕೊಂಡು ಹಂಗೇ ಇರು! ಕೈ ಬುಟ್ಟೀಯ!"

ಏಳೆಂಟು ಆಳೆತ್ತರದಲ್ಲಿ ಅಣ್ಣ ಎರಡು ಮಾತುಗಳ ನಡುವೆ ನೇತಾಡುತ್ತಿದ್ದ. ಇಳಿಯಬೇಕೆಂದರೆ ಎರಡೂ ಕೈ ಬೇಕು. ಮುಖ ಕಾಯಬೇಕೆಂದರೆ ಒಂದು ಕೈ ಬಿಡಬೇಕು. ಅವನು ಹೆಗಲ ಮೇಲಿದ್ದ ಟವೆಲನ್ನು ತಲೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಎದೆಯನ್ನು ಬೊಡ್ಡೆಗೆ ಒತ್ತಿ, ತನ್ನನ್ನು ತಾನು ಬಿಟ್ಟುಕೊಟ್ಟ. ಮರವನ್ನು ತಬ್ಬಿಕೊಂಡೇ ಜಾರಿದ. ಅಂಗಿ ಹರಿಯಿತು, ಚರ್ಮ ಹರಿಯಿತು. ಅವನ ಜೊತೆಗೇ ಆ ಹೊಗೆಯೂ ಜಾರಿತು.

ಜಗಲಿಯ ಮೇಲಿದ್ದ ಅವ್ವ ಯಾವಾಗ ಎದ್ದಳೋ ನಾನು ನೋಡಲಿಲ್ಲ. ಅವಳು ಮರದ ಬುಡದಲ್ಲಿದ್ದಳು. ಅಣ್ಣ ನೆಲಕ್ಕೆ ಬೀಳುತ್ತಲೇ ತನ್ನ ಮೈಮೇಲಿದ್ದ ಕಂಬಳಿಯನ್ನು ಅವನ ಮೇಲೆ ಕವುಚಿ ತಾನೂ ಅದರೊಳಗೆ ಹೊಕ್ಕಳು. ಕಂಬಳಿಯ ಒರಟು ಉಣ್ಣೆಯಲ್ಲಿ ಕಡಜಗಳು ಕಾಲು ಸಿಕ್ಕಿಸಿಕೊಂಡು ಗುಂಯ್‌ಗುಟ್ಟುತ್ತಿದ್ದವು. ದೊಡ್ಡಪ್ಪ ಒಣ ಸೋಗೆಗೆ ಬೆಂಕಿ ಹಚ್ಚಿ ಅದರ ಮೇಲೆ ಹಸಿ ಸೊಪ್ಪು ಒಟ್ಟಿದ. ದಟ್ಟ ಹೊಗೆಯಲ್ಲಿ ಆ ಕರಿ ಕಂಬಳಿ ಬಂಡೆಯಂತೆ ಕಾಣುತ್ತಿತ್ತು. ಬಂಡೆಯೊಳಗಿಂದ ಅವ್ವನ ಧ್ವನಿ ಬರುತ್ತಿತ್ತು. "ಇಲ್ಲೇ ಇದೀನಿ ಮಗಾ, ಇಲ್ಲೇ ಇದೀನಿ."

ಮೇಲೆ ಹಕ್ಕಿ ಇನ್ನೂ ಉಣ್ಣುತ್ತಿತ್ತು.

ಅವತ್ತು ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೊರಟಿದ್ದ ಟೆಂಪೊ ಸಿಕ್ಕಿತು. ಮೂಟೆಗಳ ಮೇಲೆಯೇ ಅಣ್ಣನನ್ನು ಮಲಗಿಸಿದೆವು. ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು, ಅವನು ಯಾರೆಂದು ಹೇಳುವುದೇ ಕಷ್ಟವಾಗಿತ್ತು. ದಾರಿಯುದ್ದಕ್ಕೂ ಒಂದೇ ಮಾತು, "ಚಳಿ, ಚಳಿ." ಕೊಬ್ಬರಿಯ ಆ ಸಿಹಿ ವಾಸನೆ ಇಂದಿಗೂ ಇದ್ದಕ್ಕಿದ್ದಂತೆ ಮೂಗಿಗೆ ಬಡಿದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ತಿಪಟೂರಿನ ಆಸ್ಪತ್ರೆಯ ಡಾಕ್ಟರು ಮುಳ್ಳುಗಳನ್ನು ಹುಡುಕಲಿಲ್ಲ. ಕಡಜ ಮುಳ್ಳು ಬಿಟ್ಟು ಹೋಗುವುದಿಲ್ಲ, ಚುಚ್ಚಿ ಚುಚ್ಚಿ ಮತ್ತೆ ಚುಚ್ಚುತ್ತದೆ ಎಂದರು. ಊತಕ್ಕೆ ತಾನು ಅಷ್ಟು ಹೆದರುವುದಿಲ್ಲ, ಈ ವಿಷ ಕಿಡ್ನಿಗೆ ಇಳಿಯುತ್ತದೆ, ಅದಕ್ಕೇ ಹೆದರಬೇಕು ಎಂದರು. ಮಾರನೆಯ ಬೆಳಿಗ್ಗೆ ಅಣ್ಣನ ಉಚ್ಚೆ ಕಾಫಿ ಡಿಕಾಕ್ಷನ್ನಿನಂತೆ ಬಂತು. ನರ್ಸಮ್ಮ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತೆಗೆದುಕೊಂಡು ಹೋದಳು. ಇದು ತಿಳಿಯಾದರೆ ಉಳಿಯುತ್ತಾನೆ, ನಿಂತುಹೋದರೆ ತುಮಕೂರಿಗೋ ಬೆಂಗಳೂರಿಗೋ ಕರೆದೊಯ್ಯಬೇಕು, ಆಮೇಲಿನದು ಹೇಳಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವ್ವ ತನ್ನ ಜ್ವರವನ್ನೇ ಮರೆತು ಮಂಚದ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ನಾವಿಬ್ಬರೂ ಬಾಟಲಿಯ ಬಣ್ಣವನ್ನು ಕಾಯುತ್ತಿದ್ದೆವು.

ಆ ವಾರ್ಡಿನ ಬೆಂಚಿನ ಮೇಲೆ ಕೂತಾಗ ಕಾಲೇಜಿನ ಕಪ್ಪು ಹಲಗೆ ಕಣ್ಣ ಮುಂದೆ ಬರುತ್ತಿತ್ತು. ಎಲೆ, ಎಲೆಯಿಂದ ಹುಳಕ್ಕೊಂದು ಬಾಣ, ಹುಳದಿಂದ ಹಕ್ಕಿಗೊಂದು ಬಾಣ. ನಮ್ಮ ಮೇಷ್ಟ್ರು ಬಾಣಗಳನ್ನು ಬಲು ಚೆನ್ನಾಗಿ ಎಳೆಯುತ್ತಿದ್ದರು. ಒಂದನ್ನು ಅಳಿಸಿದರೆ ಉಳಿದವು ಹೇಗೆ ಕುಸಿಯುತ್ತವೆ ಎಂದು ಅಳಿಸಿ ತೋರಿಸುತ್ತಿದ್ದರು. ಪರೀಕ್ಷೆಯಲ್ಲಿ ನಾನೂ ಹಾಗೆಯೇ ಎಳೆದು ಒಳ್ಳೆಯ ಅಂಕ ತೆಗೆದಿದ್ದೆ. ನಮ್ಮ ತೋಟ ಹಸಿರಾಗಿದ್ದದ್ದು ಆ ಬಾಣಗಳಿಂದಲೇ. ಸಣ್ಣ ಹುಳ, ದೊಡ್ಡ ಹುಳ, ಜೇಡ, ಕಾಜಾಣ, ಬೇಲಿ, ಎಲ್ಲ ಸೇರಿಯೇ ಆ ಹಸಿರು. ಬಾಯಿಗಳು ಹೆಚ್ಚಿದಷ್ಟೂ ಒಂದೇ ಬಾಯಿ ಎಲ್ಲವನ್ನೂ ತಿಂದು ಮುಗಿಸುವುದು ಕಡಿಮೆ. ಇದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಚಿತ್ರದಲ್ಲಿ ನಾವು ಎಲ್ಲಿಯೂ ಇರಲಿಲ್ಲ, ಸೀಮೆಸುಣ್ಣ ಹಿಡಿದು ಆಚೆ ನಿಂತಿದ್ದೆವು. ಗೂಡಿನಿಂದ ಹಕ್ಕಿಗೆ ಹೋಗುವ ಬಾಣದ ದಾರಿಯಲ್ಲಿ ಒಬ್ಬ ಮನುಷ್ಯ ಎಳನೀರಿಗೆ ಕೈ ಚಾಚಿರುತ್ತಾನೆ ಎಂದು ಹಲಗೆಯ ಮೇಲೆ ಯಾರೂ ಬರೆದಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ನರ್ಸಮ್ಮ ಬಾಟಲಿ ಹಿಡಿದುಕೊಂಡೇ ನಮ್ಮ ಹತ್ತಿರ ಬಂದಳು. "ನೋಡ್ರಮ್ಮ, ತಿಳಿ ಬಂದೈತೆ." ಅವ್ವ ಎದ್ದು ಆ ಬಾಟಲಿಗೆ ಕೈಮುಗಿದಳು. ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. ಅಣ್ಣನ ಒಂದು ಕಣ್ಣು ಸೀಳಿನಷ್ಟು ತೆರೆದಿತ್ತು. "ಅವ್ವ, ಅದಕ್ಕೂ ಹೂವ ಮುಡಿಸ್ಬುಡು," ಎಂದ. ನಾನು ಹೊರಗೆ ಹೋಗಿ ಕಾಂಪೌಂಡಿನ ಗೋಡೆಗೆ ಒರಗಿ ಮನಸ್ಸಿಗೆ ಬಂದಷ್ಟು ಹೊತ್ತು ಅತ್ತೆ.

ಮನೆಗೆ ಬಂದಾಗ ಗೂಡು ಬರೀ ಸಿಪ್ಪೆಯಾಗಿತ್ತು. ಹಕ್ಕಿ ಮತ್ತೆ ಮತ್ತೆ ಬಂದು ಎರಿಗಳನ್ನೆಲ್ಲ ಖಾಲಿ ಮಾಡಿತ್ತಂತೆ, ಉಳಿದ ಕಡಜಗಳು ಎತ್ತಲೋ ಹೋಗಿದ್ದವಂತೆ. ದೊಡ್ಡಪ್ಪ ಬಂದು ಜಗಲಿಯ ತುದಿಯಲ್ಲಿ ಕೂತ. ಆಮೇಲೆ ಕೆಮ್ಮಿ ಹೇಳಿದ.

"ಹುಳ ಜಾಸ್ತಿ ಆದ್ವು ಅಂತ ಹದ್ದನ್ನೂ ಅವ್ರೇ ಬುಟ್ಟವ್ರೆ ಕಣಪ್ಪ. ಮೊದ್ಲೇ ಒಂದ್ ಮಾತು ಹೇಳ್ಬೇಕಿತ್ತು."

ಅಣ್ಣ ನಗಲು ಹೋಗಿ, ಊದಿದ ತುಟಿ ನೋವಾಗಿ, ಮುಖ ಹಿಡಿದುಕೊಂಡ. "ಬುಡು ದೊಡ್ಡಪ್ಪ. ನನ್ನ ತಿನ್ನಾಕೆ ಯಾರ್ನೂ ಬುಡ್ಲಿಲ್ವಲ್ಲ, ಅಷ್ಟೇ ಪುಣ್ಯ."

ಅದು ಅವರಿಬ್ಬರಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಕನಸಿನಲ್ಲಿ ನಾನು ಮತ್ತೆ ಆ ಅಂಗಳದಲ್ಲಿ ನಿಂತಿರುತ್ತೇನೆ. ನೆರಳು ಜಾರುತ್ತದೆ. ಒಂದೊಂದು ಸಲ ಅಣ್ಣ ದೊಡ್ಡಪ್ಪನ ಮಾತು ಕೇಳಿ ಮೇಲೆಯೇ ಇರುತ್ತಾನೆ, ನಿಧಾನವಾಗಿ ಕಪ್ಪಾಗುತ್ತಾನೆ. ಒಂದೊಂದು ಸಲ ನನ್ನ ಮಾತು ಕೇಳಿ ಇಳಿಯುತ್ತಾನೆ, ಆದರೆ ಮರ ಇಳಿದಷ್ಟೂ ಉದ್ದವಾಗುತ್ತಾ ಹೋಗುತ್ತದೆ. ಹಕ್ಕಿ ಮಾತ್ರ ಯಾವ ಕನಸಿನಲ್ಲೂ ಬದಲಾಗುವುದಿಲ್ಲ. ಅದಕ್ಕೆ ನನ್ನ ಅಣ್ಣನ ಮೇಲೆ ಸಿಟ್ಟಿಲ್ಲ, ದಯೆಯೂ ಇಲ್ಲ. ಅದಕ್ಕೆ ಹಸಿವಿದೆ, ಅಷ್ಟೇ. ಎಚ್ಚರವಾದ ಮೇಲೆ ಅದನ್ನು ದ್ವೇಷಿಸಲು ಎಷ್ಟು ಸಲ ಪ್ರಯತ್ನಪಟ್ಟರೂ ನನ್ನಿಂದಾಗಿಲ್ಲ.

ಯುಗಾದಿ ಕಳೆದ ಮೇಲೆ ಅಣ್ಣ ಮತ್ತೆ ಮರ ಹತ್ತಿದ. ಬೇಡವೆಂದು ಅವ್ವ ಜಗಳವಾಡಿದಳು. "ನಾನು ಹತ್ತದಿದ್ರೆ ಕಾಯಿ ತಾನೇ ಇಳ್ದು ಬತ್ತದಾ?" ಎಂದು ಅವನು ಹಗ್ಗ ತೆಗೆದುಕೊಂಡು ಹೊರಟ. ಹೊರಡುವ ಮೊದಲು ಅಕ್ಕಪಕ್ಕದ ಮರಗಳ ತಲೆಯನ್ನು ಒಂದೊಂದಾಗಿ ನೋಡಿದ. ಆಮೇಲೆ ಆಕಾಶವನ್ನೂ ನೋಡಿದ.

ನನಗೆ ನೋಡಲಾಗಲಿಲ್ಲ. ಅಡುಗೆಮನೆಗೆ ಬಂದು ರಾಗಿಹಿಟ್ಟಿಗೆ ಎಸರು ಇಟ್ಟೆ. ಹಿತ್ತಿಲ ಕಡೆಯಿಂದ ದೊಪ್ಪೆಂದು ಒಂದು ಕಾಯಿ ಬಿದ್ದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಪ್ರತಿ ಸದ್ದಿಗೂ ನನ್ನ ಹೆಗಲು ಸಡಿಲವಾಗುತ್ತಿತ್ತು, ಮರುಕ್ಷಣ ಮತ್ತೆ ಬಿಗಿಯುತ್ತಿತ್ತು. ಒಮ್ಮೆ ಸದ್ದು ತಡವಾಯಿತು. ಎಸರು ಉಕ್ಕಿತು. ನಾನು ಒಲೆಯ ಕೊಳ್ಳಿ ಹಿಂದಕ್ಕೆಳೆದು ಹಿತ್ತಿಲ ಬಾಗಿಲಿಗೆ ಬಂದು, ತಲೆಯೆತ್ತದೆ, ಮರದ ಬುಡದಲ್ಲಿ ಅವನು ಬಿಟ್ಟು ಹೋಗಿದ್ದ ಚಪ್ಪಲಿಗಳನ್ನೇ ನೋಡುತ್ತ ನಿಂತೆ. ಮೇಲೆ ಗರಿಗಳು ಉಜ್ಜಿಕೊಳ್ಳುತ್ತಿದ್ದವು. ಯಾವುದೋ ಹುಳ ಕಿವಿಯ ಹತ್ತಿರ ಗುಂಯ್ ಎಂದು ಹಾದುಹೋಯಿತು.

ಚಪ್ಪಲಿಯ ಆಚೆ ಒಂದು ಕಾಯಿ ಬಿದ್ದು ಮಣ್ಣು ಚಿಮ್ಮಿತು. ಒಳಗೆ ಹೋಗಿ ಹಿಟ್ಟು ಹಾಕಿದೆ.